ಕಟ್ಟೆ ಹುಡುಕುತ್ತ ಕೊಯಮತ್ತೂರಿಗೆ

ತಿಪಟೂರು: ನಮ್ಮ ಮನೆಯ ಕಟ್ಟೆ

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ನಮ್ಮ ಬೀದಿಯಲ್ಲಿ ಸಿಂಗಪುರ ನೋಡಿ ಬಂದವರಿದ್ದಾರೆ, ದುಬೈಗೆ ಹೋಗಿಬಂದು ಇವತ್ತಿಗೂ ಅದೇ ಮಾತಾಡಿಕೊಂಡು ತಿರುಗುವವರಿದ್ದಾರೆ. ನನಗೆ ಪರದೇಶ ಎಂದರೆ ದಿಂಬಂ ಘಟ್ಟದ ಆಚೆಗಿನ ಸೀಮೆ. ಬೋರ್ಡು ಓದಲು ಬಾರದ, ಬಸ್ಸಿನ ಹಣೆ ನೋಡಿ ಊರು ಗೊತ್ತುಮಾಡಿಕೊಳ್ಳಲಾಗದ ಜಾಗ ಪರದೇಶವಲ್ಲದೆ ಇನ್ನೇನು? ಅಲ್ಲಿಗೆ ನಾವು ಮೂವರು ಹೋಗಿದ್ದೆವು: ನಮ್ಮ ಯಜಮಾನರು, ಅತ್ತೆ ಮತ್ತು ನಾನು. ಹೋಗಿದ್ದು ದೇವರಿಗಲ್ಲ, ಆಸ್ಪತ್ರೆಗಲ್ಲ, ಸೀರೆಗೂ ಅಲ್ಲ. ಜೀಪಿಗೆ ಒಂದು ಮೆಟ್ಟಿಲು ಹಾಕಿಸಲು.

ಜೀಪು ನಮ್ಮ ಮಾವನವರು ಕೊಂಡದ್ದು. ಅವರಿದ್ದಾಗಿನಿಂದಲೂ ಮುಂದಿನ ಎಡಗಡೆಯ ಸೀಟು ಅತ್ತೆಯದು. ತೋಟಕ್ಕೆ, ಸಂತೆಗೆ, ನೆಂಟರ ಮನೆಗೆ ಅವರು ಅಲ್ಲೇ ಕೂತು, ಸೆರಗು ಬಿಗಿದುಕೊಂಡು, ಯಾರ ತೋಟಕ್ಕೆ ಗೊಬ್ಬರ ಬಿದ್ದಿದೆ, ಯಾರದಕ್ಕೆ ಬಿದ್ದಿಲ್ಲ ಎಂದು ದಾರಿಯುದ್ದಕ್ಕೂ ತೀರ್ಪು ಕೊಡುತ್ತ ಹೋಗುವವರು. ಮಾವನವರು ಹೋದ ಮೇಲೆ ಜೀಪು ನಮ್ಮವರ ಕೈಗೆ ಬಂತು. ನಮ್ಮವರಿಗೆ ತೆಂಗಿನಕಾಯಿ ವ್ಯಾಪಾರ ಹೊಟ್ಟೆಪಾಡು, ಜೀಪು ಹುಚ್ಚು. ಭಾನುವಾರ ಬಂದರೆ ಸಾಕು, ಅಂಥದೇ ಹುಚ್ಚಿನ ನಾಲ್ಕಾರು ಜನ ಸೇರಿ, ರಸ್ತೆಯೇ ಇಲ್ಲದ ಗುಡ್ಡ ಹುಡುಕಿಕೊಂಡು ಹೋಗಿ, ಕೆಸರಲ್ಲಿ ಹೂತುಕೊಂಡು, ಸಂಜೆ ಯುದ್ಧ ಗೆದ್ದವರ ಹಾಗೆ ಮನೆಗೆ ಬರುತ್ತಾರೆ. ಹೋದ ವರ್ಷ ಜೀಪಿಗೆ ಲಿಫ್ಟ್ ಕಿಟ್ ಹಾಕಿಸಿದರು. ಅಂದರೆ ಗಾಡಿಯ ಮೈಯನ್ನು ಚಕ್ರಗಳಿಂದ ಇನ್ನಷ್ಟು ಮೇಲಕ್ಕೆತ್ತಿ ಕೂರಿಸುವುದು. ಅದರ ಮೇಲೆ ದೊಡ್ಡ ಟೈರು ಬೇರೆ. ಜೀಪು ಎತ್ತರವಾಯಿತು, ಅತ್ತೆ ಎತ್ತರವಾಗಲಿಲ್ಲ.

ಎಪ್ಪತ್ತು ದಾಟಿದ ಮಂಡಿ ಅಷ್ಟು ಮೇಲಕ್ಕೆ ಏಳುವುದಿಲ್ಲ. ಹೇಗೋ ಏರಿದರೂ ಇಳಿಯಲು ಬರುವುದಿಲ್ಲ. ಆದರೆ ನಮ್ಮ ಮನೆ ಮುಂದೆ ಒಂದು ಕಲ್ಲುಕಟ್ಟೆ ಇದೆ, ಕೊಬ್ಬರಿ ಮೂಟೆಗಳನ್ನು ಲಾರಿಗೆ ತುಂಬಲು ಮಾವನವರು ಕಟ್ಟಿಸಿದ್ದು. ಜೀಪನ್ನು ಅದಕ್ಕೆ ಒತ್ತಿ ನಿಲ್ಲಿಸಿದರೆ ಅತ್ತೆ ಪಡಸಾಲೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಒಳಗೆ ನಡೆದುಹೋಗುತ್ತಾರೆ. ಹೋದ ಕಡೆ ಇಳಿಯುವುದಕ್ಕೂ ಅಷ್ಟೇ ಎತ್ತರದ ಕಟ್ಟೆ ಬೇಕು. ತೋಟದ ಪಂಪ್‌ಮನೆಗೆ ಕಟ್ಟೆ ಇದೆ, ಅಕ್ಕಿ ಗಿರಣಿಗೆ ಇದೆ. ಕಲ್ಯಾಣ ಮಂಟಪಕ್ಕಿಲ್ಲ, ತಂಗಿಯ ಮನೆಗಿಲ್ಲ, ಸಂತೆಗಿಲ್ಲ. ಹೀಗೆ ಅತ್ತೆಯ ಓಡಾಟ ಕಟ್ಟೆಯಿಂದ ಕಟ್ಟೆಗೆ ಅನ್ನುವಷ್ಟಕ್ಕೆ ಬಂದು ನಿಂತಿತು. ಸ್ಟೂಲು ಇಟ್ಟು ಇಬ್ಬರು ರಟ್ಟೆ ಹಿಡಿದು ಇಳಿಸುತ್ತೇವೆ ಎಂದರೆ ಒಪ್ಪಲಿಲ್ಲ. “ನಾಲ್ಕು ಜನದ ಮುಂದೆ ಎತ್ತಿ ಇಳ್ಸೋಕೆ ನಾನೇನು ಕೊಬ್ಬರಿ ಮೂಟೇನಾ? ನನ್ನ ಕಾಲಲ್ಲಿ ನಾನು ಇಳಿಯೋ ಹಾಗಿದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ,” ಎಂದುಬಿಟ್ಟರು. ತಂಗಿಯ ಮೊಮ್ಮಗಳ ಮದುವೆಗೂ ಹೋಗದೆ ಮನೆಯಲ್ಲೇ ಉಳಿದರು. ಅವತ್ತು ನನಗೆ ಹೊಟ್ಟೆ ಉರಿದುಹೋಯಿತು.

ನಮ್ಮವರಿಗೆ ಜೀಪಿನ ಮೂತಿಗೆ ವಿಂಚ್ ಹಾಕಿಸುವ ಆಸೆ ಬಹಳ ದಿನದ್ದು. ಹೂತ ಗಾಡಿಯನ್ನು ತಂತಿ ಹಗ್ಗ ಸುತ್ತಿ ಎಳೆಯುವ ರಾಟೆ ಅದು. ಪಂಪು, ಮೋಟಾರು ಮಾಡುವ ಊರು ಕೊಯಮತ್ತೂರು; ಅಲ್ಲಿಯ ತುಡಿಯಲೂರಿನಲ್ಲಿ ಇಂಥದನ್ನೆಲ್ಲ ಗಟ್ಟಿಮುಟ್ಟಾಗಿ ಮಾಡಿಕೊಡುವ ವರ್ಕ್‌ಶಾಪು ಒಂದಿದೆ ಎಂದು ಅವರ ಗುಂಪಿನವರು ಹೇಳಿದ್ದರು. ಅಮ್ಮನಿಗೆ ಮೆಟ್ಟಿಲಾದರೆ ನಿಮಗೆ ವಿಂಚು, ಇಲ್ಲದಿದ್ದರೆ ಎರಡೂ ಇಲ್ಲ ಎಂದು ನಾನು ಪಟ್ಟುಹಿಡಿದೆ. ಅವರು ಫೋನಿನಲ್ಲಿ ಎರಡನ್ನೂ ಹೇಳಿದರು. ನಾವಿಬ್ಬರೇ ಹೋಗಿ ಮಾಡಿಸಿಕೊಂಡು ಬರುತ್ತೇವೆ ಅಂದಾಗ ಅತ್ತೆ ಆಗಲೇ ಸೀರೆ ಮಡಿಸುತ್ತಿದ್ದರು. ಕಾಲು ತಮ್ಮದಾದ್ದರಿಂದ ಕಾಲಿನ ಸಮೇತ ತಾವೂ ಬರುವುದಾಗಿ ಹೇಳಿದರು.

ಬಣ್ಣಾರಿ: ಹೂವಿನ ಕಟ್ಟೆ

ಬೇರೆಯವರು ಪ್ರವಾಸದಲ್ಲಿ ಗೋಪುರ ನೋಡುತ್ತಾರೆ, ಜಲಪಾತ ನೋಡುತ್ತಾರೆ. ನಾನು ಚಾಮರಾಜನಗರ ದಾಟಿದಾಗಿನಿಂದ ನೋಡಿದ್ದು ಕಟ್ಟೆಗಳನ್ನು. ನನ್ನದು ಹೊಲಿಗೆ ಅಂಗಡಿ, ಜನರನ್ನು ಕಂಡರೆ ಕಣ್ಣಲ್ಲೇ ಅಳತೆ ತೆಗೆಯುವ ಚಾಳಿ. ಈಗ ಹೋಟೆಲಿನ ಜಗಲಿ, ಗೋಡೌನಿನ ಮುಂಭಾಗ, ಅಶ್ವತ್ಥಕಟ್ಟೆ ಎಲ್ಲದಕ್ಕೂ ಅಳತೆ ಹಿಡಿಯುತ್ತಿದ್ದೆ. ಒಂದು ಗಿಡ್ಡ, ಇನ್ನೊಂದಕ್ಕೆ ಮುಂದೆ ಚರಂಡಿ, ಮತ್ತೊಂದರ ಮೇಲೆ ನಾಯಿ ಮಲಗಿದೆ. ಹಾಸನೂರಿನ ಕಾಡಿನಲ್ಲಿ ಆನೆ ಕಂಡಿತು ಎಂದು ನಮ್ಮವರು ತೋರಿಸಿದರು. ಅತ್ತೆ ನೋಡಿ, ಅದರ ಮೇಲೆ ಹತ್ತುವವರಿಗಾದರೂ ಅದು ಮಂಡಿಯೂರಿ ಕೂರುತ್ತದಲ್ಲ ಎಂದರು.

ದಿಂಬಂ ಘಟ್ಟ ತಿರುಗಿ ತಿರುಗಿ ಇಳಿದು ಬಣ್ಣಾರಿ ತಲುಪಿದಾಗ ಎಲ್ಲರಿಗೂ ಕಾಲು ಚಾಚಬೇಕಾಗಿತ್ತು. ಅಮ್ಮನವರ ಗುಡಿಯ ಹತ್ತಿರ ಸಾಲು ಅಂಗಡಿಗಳು. ಒಂದು ಅಂಗಡಿಯ ಮುಂದೆ ಸೊಂಟದೆತ್ತರದ ಸಿಮೆಂಟು ಕಟ್ಟೆ, ಅದರ ತುಂಬ ಮಲ್ಲಿಗೆ ಬುಟ್ಟಿ. ನಾನು ಇಳಿದುಹೋಗಿ ಕೈಸನ್ನೆಯಲ್ಲಿ ಜೀಪು ತೋರಿಸಿದೆ, ಅತ್ತೆಯನ್ನು ತೋರಿಸಿದೆ, ಕಟ್ಟೆ ತೋರಿಸಿದೆ. ಹೂವಿನ ಹೆಂಗಸು ಒಂದು ಮಾತೂ ಕೇಳದೆ ಬುಟ್ಟಿಗಳನ್ನು ಕೆಳಗಿಟ್ಟು, ಬಟ್ಟೆಯಲ್ಲಿ ಕಟ್ಟೆ ಒರೆಸಿ, ಬಸ್ಸಿಗೆ ಜಾಗ ತೋರಿಸುವ ಕಂಡಕ್ಟರನ ಹಾಗೆ ನಮ್ಮವರಿಗೆ ಕೈಬೀಸಿದಳು. ಅತ್ತೆ ಅಲ್ಲಿಂದ ಅಂಗಡಿಯ ಒಳಮೆಟ್ಟಿಲು ಇಳಿದು, ಹೂವಿನ ಅಂಗಡಿಯೊಳಗಿಂದಲೇ ಗುಡಿಗೆ ಹೋದರು. ಬರುವಾಗ ತಲೆತುಂಬ ಮಲ್ಲಿಗೆ. ಮನಸ್ಸು ಹಗುರಾಗಿತ್ತು.

ಅನ್ನೂರು: ಹಿಂಡಿ ಮೂಟೆ

ಅನ್ನೂರಿನಲ್ಲಿ ಟೀ ಕುಡಿಯೋಣವೆಂದು ನಿಲ್ಲಿಸಿದರೆ ಕಟ್ಟೆ ಎನ್ನುವುದೇ ಇಲ್ಲ. ಅತ್ತೆ ಮೇಲೆ ಕೂತೇ ಕುಡಿಯುವುದಾಗಿ ಹೇಳಿದರು, ಆದರೆ ಅವರಿಗೆ ಬೇಕಾಗಿದ್ದದ್ದು ಟೀ ಅಲ್ಲ, ಬಚ್ಚಲು. ಅದನ್ನು ಕಣ್ಣಲ್ಲೇ ನನಗೆ ತಿಳಿಸಿದರು. ನಾನು ಟೀ ಅಂಗಡಿಯವನ ಹೆಂಡತಿಯ ಕಿವಿಯಲ್ಲಿ ಹೇಳಿದೆ, ಅವಳಿಗೆ ಕನ್ನಡ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ಅವಳು ಒಂದು ಕೂಗು ಹಾಕಿದಳು. ಪಕ್ಕದಲ್ಲಿ ದನದ ಹಿಂಡಿ ಇಳಿಸುತ್ತಿದ್ದವರು ಮೂಟೆಗಳನ್ನು ಅಲ್ಲಿ ಇಳಿಸುವುದು ಬಿಟ್ಟು ಇಲ್ಲಿಗೆ ತಂದು ಜೀಪಿನ ಬಾಗಿಲಿಗೆ ಒಟ್ಟಿದರು, ದೊಡ್ಡ ಮೆಟ್ಟಿಲು, ಚಿಕ್ಕ ಮೆಟ್ಟಿಲು. ಮೂಟೆಯ ಹಾಗೆ ಇಳಿಯುವುದಿಲ್ಲ ಎಂದವರು ಮೂಟೆಗಳ ಮೇಲೆ ಇಳಿದರು.

ಅತ್ತೆ ಒಳಗೆ ಹೋಗಿ ಬಂದ ಮೇಲೆಯೇ ಅವರು ಯಾವ ಊರು ಎಂದು ಕೇಳಿದ್ದು. ನಮ್ಮ ಕಡೆಯಾದರೆ ಯಾವೂರು, ಯಾರ ಮನೆ, ಏನಾಗಬೇಕು ಇವರು ಎಂದೆಲ್ಲ ಆಗಿ ಮೂಟೆ ಬರುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಇಲ್ಲಿ ಕೆಲಸ ಮೊದಲು, ವಿಚಾರಣೆ ಆಮೇಲೆ. ಆದರೆ ವಿಚಾರಣೆ ಶುರುವಾದರೆ ನಮ್ಮ ಕಡೆಯವರಿಗಿಂತ ಏನೂ ಕಮ್ಮಿಯಿಲ್ಲ. ನನ್ನ ತವರುಮನೆಯವರೆಗೂ ಹೋದರು.

ತುಡಿಯಲೂರು: ಕೆಳಗಿಳಿಯದೆ ನೀರಿಲ್ಲ

ವರ್ಕ್‌ಶಾಪಿನ ರಂಗಸಾಮಿಯವರು ದಪ್ಪ ಮೀಸೆಯ, ನಕ್ಕರೆ ಹೆಗಲೂ ಕುಣಿಯುವ ಮನುಷ್ಯ. ನಾನು ಹರಕು ತಮಿಳಿನಲ್ಲಿ ನಮಸ್ಕಾರ ಹೇಳಲು ಹೋದರೆ ಅವರು “ಬನ್ನೀಂಗ, ಬನ್ನೀಂಗ. ನಾಮೂ ಮನೇಲಿ ಕನ್ನಡ ತಾನ್,” ಎಂದರು. ಅವರ ಹಿರಿಯರು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತವರಂತೆ. ಅಜ್ಜ ಜೋಳ ಬೆಳೆದ ಹೊಲದಲ್ಲೇ ಈಗ ವರ್ಕ್‌ಶಾಪು, ಅದರ ಹಿಂದೆ ಮನೆ. ಅವರ ಕನ್ನಡ ಅರ್ಧ ತಮಿಳಿನ ರಾಗದಲ್ಲಿ ನಡೆಯುತ್ತದೆ, ಮಾತಿನ ಬಾಲಕ್ಕೆ ಮರ್ಯಾದೆಯ “ಂಗ” ಸೇರಿಕೊಳ್ಳುತ್ತದೆ. ಇಷ್ಟು ದೂರ ಬಂದು ನಮ್ಮದೇ ಮಾತು ಕಿವಿಗೆ ಬಿದ್ದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಂಗಳದ ತುಂಬ ಜೀಪುಗಳು. ಒಂದರ ಗಾಜಿನ ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ, ನೀರಿಗೆ ಇಳಿದಾಗ ಎಂಜಿನ್ ಉಸಿರಾಡಲಿ ಎಂದು. ಇನ್ನೊಂದರ ತಲೆಯ ಮೇಲೆ ಬಿಡಾರ ಹೂಡುವ ಗುಡಾರ. ನಮ್ಮವರು ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ಅಲ್ಲಿಂದಿಲ್ಲಿಗೆ ಓಡಾಡಿದರು. ರಂಗಸಾಮಿಯವರು ನಮಗೆಂದೇ ಮಾಡಿಟ್ಟ ಮೆಟ್ಟಿಲನ್ನು ಹೊರಗೆ ತಂದರು. ದಪ್ಪ ಕಬ್ಬಿಣದ ಕೊಳವೆ, ಕಪ್ಪು ಬಣ್ಣ, ಚೆಂದವಾಗಿಯೇ ಇತ್ತು. ಜೀಪಿನ ಪಕ್ಕಕ್ಕೆ ಹಿಡಿದು ತೋರಿಸಿದಾಗ ನಾನು ಕಣ್ಣಲ್ಲೇ ಅಳತೆ ತೆಗೆದೆ. ಅದು ಬಾಗಿಲಿನ ತಳಕ್ಕೆ ಅಂಟಿಕೊಂಡು, ಜೀಪಿನ ನೆಲಕ್ಕಿಂತ ಗೇಣು ಮಾತ್ರ ಕೆಳಗಿತ್ತು.

ಆದದ್ದು ಇಷ್ಟು. ಗುಡ್ಡ ಹತ್ತುವ ಜನರ ಬಾಯಲ್ಲಿ ಗಾಡಿಯ ಪಕ್ಕದ ಮೆಟ್ಟಿಲು ಅಂದರೆ ಕಾಲಿಡುವುದಕ್ಕಲ್ಲ, ಬಂಡೆ ತಾಗಿ ಗಾಡಿ ನಜ್ಜುಗುಜ್ಜಾಗದಿರಲಿ ಎಂದು ಹಾಕುವುದು. ಕೆಳಗೆ ಜೋತುಬಿದ್ದರೆ ಕಲ್ಲಿಗೆ ಬಡಿಯುತ್ತದೆ, ಹಾಗಾಗಿ ಎತ್ತರಕ್ಕೇ ಕೂರಿಸುತ್ತಾರೆ. ನಮ್ಮವರು ಕೇಳಿದ್ದು ಅದನ್ನು, ಅವರು ಮಾಡಿದ್ದು ಅದನ್ನು. ಇಬ್ಬರೂ ಬಂಡೆಯನ್ನು ನೆನೆದರು, ಅತ್ತೆಯನ್ನು ನೆನೆಯಲಿಲ್ಲ. ಅತ್ತೆ ಸೀಟಿನಿಂದಲೇ ಒಂದು ಕಾಲು ಹೊರಗಿಟ್ಟು ನೋಡಿದರು. ಕಾಲು ಗಾಳಿಯಲ್ಲಿ ಆಡಿತು. ಮತ್ತೆ ಒಳಗೆಳೆದುಕೊಂಡು, ಸೆರಗು ಸರಿಮಾಡಿಕೊಂಡು, ಎದುರಿನ ಗೋಡೆ ನೋಡುತ್ತ ಕೂತರು.

ಅಷ್ಟರಲ್ಲಿ ರಂಗಸಾಮಿಯವರ ತಾಯಿ ನಂಜಮ್ಮ ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದು ಮನೆಯಿಂದ ಬಂದರು. ಅವರದೂ ಅತ್ತೆಯದೂ ಒಂದೇ ವಯಸ್ಸು. ನಾನು ಚೊಂಬನ್ನು ಮೇಲಕ್ಕೆ ದಾಟಿಸಲು ಕೈ ನೀಡಿದರೆ ಕೊಡಲಿಲ್ಲ. “ಮನೆಗೆ ಬಂದೋರು ನೆಲಕ್ಕೆ ಕಾಲಿಡ್ದೆ ನೀರು ಕುಡೀಬಾರ್ದುಂಗ. ನಮ್ಮಲ್ಲಿ ಆ ಪಳಕ ಇಲ್ಲ,” ಎಂದರು. ಪಳಕ ಅಂದರೆ ರೂಢಿ. ಮೊದಲು ಇಳಿಯಬೇಕು, ಆಮೇಲೆ ನೀರು, ಆಮೇಲೆ ಊಟ, ಅದೆಲ್ಲ ಮುಗಿಯುವವರೆಗೆ ಕೆಲಸ ಬಂದ್. ಮಗ ಏನೋ ಹೇಳಹೋದರೆ ತಮಿಳಿನಲ್ಲಿ ಎರಡೇ ಮಾತು, ವೆಲ್ಡಿಂಗಿನ ಸದ್ದೂ ನಿಂತಿತು.

ದೊಡ್ಡ ಟೈರು ಹಾಕಿಸಿಕೊಂಡವರು ಬಿಟ್ಟುಹೋದ ಹಳೆ ಟೈರುಗಳು ಅಲ್ಲಿ ರಾಶಿ ಬಿದ್ದಿದ್ದವು. ಅವನ್ನೇ ಒಂದು ಎತ್ತರ, ಒಂದು ಗಿಡ್ಡ ಪೇರಿಸಿ ಮೇಲೆ ಹಲಗೆ ಹಾಸಿದರು. ಅತ್ತೆ ನಮಗೆಲ್ಲ ಬೆನ್ನು ತಿರುಗಿಸಿ, ಸೀಟನ್ನು ಹಿಡಿದುಕೊಂಡು, ಅಟ್ಟದ ಏಣಿ ಇಳಿಯುವ ಹಾಗೆ ಹಿಮ್ಮುಖವಾಗಿ ಒಂದೊಂದೇ ಕಾಲು ತಡವುತ್ತ ಇಳಿದು ನೆಲ ಮುಟ್ಟಿದರು. ನಂಜಮ್ಮ ಚೊಂಬು ಕೊಟ್ಟು, ಗಂಡಸರ ಕಡೆ ತಿರುಗಿದರು.

“ನೋಡಿದ್ರಾ, ಅಕ್ಕ ಹೆಂಗೆ ಇಳಿದ್ರು? ನಾನೂ ಹಂಗೆ ತಾನ್ ಇಳಿಯೋದು. ನೀವೆಲ್ಲ ಹತ್ತೋಕೆ ಪಡಿ ಮಾಡ್ತೀರಿ, ಇಳಿಯೋಕೆ ಯಾರು ಮಾಡ್ತೀರಿ?”

ಪಡಿ ಎಂದರೆ ಅವರ ಮಾತಿನಲ್ಲಿ ಮೆಟ್ಟಿಲು. ಕಾಣದ ಕಾಲಿಗೆ ಸಿಗುವಷ್ಟು ಅಗಲ ಇರಬೇಕು, ಒಂದರ ಕೆಳಗೊಂದು ಎರಡು ಇರಬೇಕು, ಮೇಲೆ ಹಿಡಿದುಕೊಳ್ಳಲು ಏನಾದರೂ ಇರಬೇಕು ಎಂದು ಹೆಂಗಸರು ಮೂವರೂ ಸೇರಿ ಹೇಳಿದೆವು. ಹಾಗೆ ಮಾಡಿದರೆ ಅದು ಕೆಳಗೆ ಜೋಲುತ್ತದೆ, ಕಲ್ಲಿಗೆ ಬಡಿದು ಕಿತ್ತುಬರುತ್ತದೆ ಎಂದು ರಂಗಸಾಮಿಯವರು ತಲೆ ಕೆರೆದುಕೊಂಡರು. ಆಗ ನಮ್ಮವರು, ಅಷ್ಟು ಹೊತ್ತು ನೆಲ ನೋಡುತ್ತಿದ್ದವರು, ಲಿಫ್ಟ್ ಕಿಟ್ ಬಿಚ್ಚಿಬಿಡಿ, ಜೀಪು ಮೊದಲಿನ ಹಾಗೇ ಇರಲಿ, ವಿಂಚೂ ಬೇಡ ಎಂದರು. ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

ಅತ್ತೆ ಚೊಂಬು ಕೆಳಗಿಟ್ಟರು. “ಬೇಡ ಕಣೋ ಚಂದ್ರು. ಎತ್ತರ ನಂಗೆ ಇಷ್ಟ. ಆ ಸೀಟಲ್ಲಿ ಕೂತ್ರೆ ಊರೆಲ್ಲ ಕಾಣುತ್ತೆ. ಎದುರುಮನೆ ಕಾಂಪೌಂಡ್ ಒಳಗೆ ಏನ್ ನೆಟ್ಟವ್ರೆ ಅಂತ ನಂಗೆ ತಿಳಿದಿದ್ದೇ ಹೋದ್ ವರ್ಷ. ಇಳಿಯೋಕೆ ಒಂದು ದಾರಿ ಮಾಡ್ಕೊಡು, ಸಾಕು.”

ಒಂದು ವರ್ಷದಿಂದ ಅವರಿಗೆ ಎತ್ತರದ ಮೇಲೇ ಕೋಪ ಎಂದುಕೊಂಡಿದ್ದೆವು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಮ್ಮವರು ಮೂಗು ಒರೆಸಿಕೊಂಡು ಟೈರುಗಳ ಹಿಂದಕ್ಕೆ ಹೋದರು. ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಅಲ್ಲಿಯ ಅನ್ನವನ್ನು ತುಪ್ಪ ಸುರಿದುಕೊಂಡು ತಿನ್ನುವಾಗಲೇ ದಾರಿ ಹೊಳೆದದ್ದು: ಮಡಚುವ ಮೆಟ್ಟಿಲು. ಬೇಕಾದಾಗ ಕೆಳಗೆ, ಬೇಡವಾದಾಗ ಜೀಪಿನ ಮೈಗೆ. ಗುಂಡಿ ಒತ್ತಿದರೆ ತಾನೇ ಮಡಚಿಕೊಳ್ಳುವ ಮೋಟಾರು ಹಾಕೋಣ ಎಂದರು ರಂಗಸಾಮಿ. ತಾನಾಗಿಯೇ ಅಲ್ಲಾಡುವ ವಸ್ತುವಿನ ಮೇಲೆ ಕಾಲಿಡುವುದಿಲ್ಲ ಎಂದರು ಅತ್ತೆ. ಸೀಟಿನಲ್ಲಿ ಕೂತು ತಾವೇ ಇಳಿಬಿಟ್ಟು, ತಾವೇ ಎಳೆದುಕೊಳ್ಳುವ ಹಾಗೆ ಒಂದು ಪಟ್ಟಿ ಕಟ್ಟಿದರೆ ಹೇಗೆ ಎಂದು ನಾನು ಕೇಳಿದೆ. ಅದೇ ಪಟ್ಟಿಗೆ ಮೇಲೊಂದು ಕುಣಿಕೆ ಹೊಲಿದರೆ ಹಿಡಿದುಕೊಳ್ಳಲೂ ಆಯಿತು. ವರ್ಕ್‌ಶಾಪಿನಲ್ಲಿದ್ದದ್ದು ಗಾಡಿ ಎಳೆಯುವ ನೈಲಾನ್ ಪಟ್ಟಿ, ಅಂಗೈ ಕೊಯ್ಯುವಷ್ಟು ಒರಟು. ಮೆತ್ತನೆಯ ಪಟ್ಟಿ ಬೇಕಾದರೆ ತಿರುಪ್ಪೂರಿಗೆ ಹೋಗಬೇಕು ಎಂದರು ರಂಗಸಾಮಿ.

ತಿರುಪ್ಪೂರು: ಅಂಗೈಗೆ ಒಪ್ಪುವ ಪಟ್ಟಿ

ಜೀಪು ವರ್ಕ್‌ಶಾಪಿನಲ್ಲಿ ಬಿಚ್ಚಿಕೊಂಡು ನಿಂತಿತ್ತು. ಮರುದಿನ ರಂಗಸಾಮಿಯವರ ಪುಟ್ಟ ಕಾರಿನಲ್ಲಿ ಹೊರಟೆವು. ಅತ್ತೆ ಸರಾಗವಾಗಿ ಹತ್ತಿ ಕೂತರು, ಆದರೆ ದಾರಿಯುದ್ದಕ್ಕೂ ಸಪ್ಪಗಿದ್ದರು. ಲಾರಿಗಳ ಚಕ್ರ ಬಿಟ್ಟು ಏನೂ ಕಾಣಿಸುತ್ತಿಲ್ಲ, ಬಾವಿಯೊಳಗೆ ಕೂತ ಹಾಗಿದೆ ಎಂದು ಗೊಣಗಿದರು.

ತಿರುಪ್ಪೂರಿನಲ್ಲಿ ರಂಗಸಾಮಿಯವರ ಪರಿಚಯದ ಸರಸ್ವತಿ ಎಂಬುವರ ಪಟ್ಟಿ ನೇಯುವ ಶೆಡ್ಡು ಇದೆ. ಬನಿಯನ್ನಿನ ಊರು ಎಂದು ಎಲ್ಲರೂ ಹೇಳುತ್ತಾರೆ. ಬನಿಯನ್ನಿಗೆ, ಚೀಲಕ್ಕೆ, ಚಡ್ಡಿಯ ಸೊಂಟಕ್ಕೆ ಬೇಕಾದ ಪಟ್ಟಿಯನ್ನೂ ಯಾರಾದರೂ ನೇಯಬೇಕಲ್ಲ. ಅವರದೂ ಕನ್ನಡ ಮನೆಮಾತಿನ ನೇಕಾರ ಮನೆತನ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಸರಸ್ವತಿಯವರು ನನ್ನನ್ನು ನೋಡಿದವರೇ ನಮಸ್ಕಾರಕ್ಕೂ ಮೊದಲು ನನ್ನ ರವಿಕೆಯ ತೋಳು ಮಡಚಿ ಒಳಹೊಲಿಗೆ ನೋಡಿದರು. ನಾನೇ ಹೊಲಿದದ್ದು ಎಂದೆ. ತಲೆದೂಗಿದರು. ಅವರದನ್ನೂ ನಾನು ಮಡಚಿ ನೋಡಿದೆ. ಅಲ್ಲಿಗೆ ಪರಿಚಯ ಮುಗಿಯಿತು. ಆಮೇಲೆ ತಿಳಿಯಿತು, ಆ ಊರಿನಲ್ಲಿ ಬಹಳ ಜನ ಹೀಗೇ, ಬಟ್ಟೆಯ ಮೇಲ್ಭಾಗ ನೋಡುವುದೇ ಇಲ್ಲ.

ಅತ್ತೆ ಕಣ್ಣು ಮುಚ್ಚಿಕೊಂಡು ಒಂದೊಂದೇ ಪಟ್ಟಿಯನ್ನು ಅಂಗೈಗೆ ಸುತ್ತಿ ಜಗ್ಗಿದರು. ಒಂದು ಜಾರುತ್ತದೆ, ಒಂದು ಚುಚ್ಚುತ್ತದೆ, ಒಂದು ರಬ್ಬರಿನ ಹಾಗೆ ಹಿಗ್ಗುತ್ತದೆ. ಕೊನೆಗೆ ಚೀಲದ ಹಿಡಿಕೆಗೆಂದು ನೇಯ್ದ ದಪ್ಪ ಹತ್ತಿಯ ಪಟ್ಟಿ ಒಪ್ಪಿಗೆಯಾಯಿತು, ಕುಂಕುಮದ ಬಣ್ಣ, ಎರಡು ಕಡೆ ಹಸಿರು ಅಂಚು. ಎರಡು ಪದರ ಮಾಡಿ ಅಲ್ಲೇ ಮೆಷಿನ್ನಿಗೆ ಕೂತು ನಾನೇ ಹೊಲಿದೆ. ಪರದೇಶದಲ್ಲಿ ಹೊಲಿದ ಮೊದಲ ಹೊಲಿಗೆ ಅದು. ಸರಸ್ವತಿ ಅದನ್ನು ತಿರುಗಿಸಿ ಹಿಂಬದಿ ನೋಡಿ ನನ್ನ ಬೆನ್ನು ತಟ್ಟಿದರು.

ಮತ್ತೆ ತುಡಿಯಲೂರು: ಎಲ್ಲರ ಕೈಗಳು

ಮೆಟ್ಟಿಲು ಸಿದ್ಧವಾದಾಗ ಮೊದಲು ಏರಿದ್ದು ನಂಜಮ್ಮ. ಅವರು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಅತ್ತೆಯ ಸೀಟಿನಲ್ಲಿ ಕೂತು ಇಳಿಯಲೇ ಇಲ್ಲ. ಗಾಜಿನ ಕೆಳಗಿನ ತಗಡಿನ ಮೇಲೆ ಮಾವನವರು ಬರೆಸಿದ್ದ ನಮ್ಮ ಊರಿನ ಹೆಸರನ್ನು ಬೆರಳಿನಿಂದ ಸವರಿ, ಇದೇನು ಎಂದು ಕೇಳಿದರು. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದವರು, ಅದನ್ನು ಬರೆದರೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ. ಅತ್ತೆ ಒಂದೊಂದಕ್ಷರ ಮುಟ್ಟಿ ತೋರಿಸಿದರು. ಉಂಡುಂಡಗೆ ಮುರುಕಿನ, ಅಂದರೆ ನಮ್ಮ ಚಕ್ಕುಲಿಯ, ಹಾಗಿದೆ ಎಂದು ನಂಜಮ್ಮ ನಕ್ಕರು.

ಅತ್ತೆಯ ಸರದಿ ಬಂದಾಗ ಒಂದು ಎಡವಟ್ಟಾಯಿತು. ಸೀರೆಯ ಅಂಚು ಕೀಲಿನ ಬೋಲ್ಟಿಗೆ ಸಿಕ್ಕಿಕೊಂಡು ಪರ್ರೆಂದಿತು. ರಂಗಸಾಮಿಯವರು ಬೋಲ್ಟಿನ ತಲೆಯನ್ನು ಒಳಮುಖ ಮಾಡಿ ಮೇಲೆ ರಬ್ಬರ್ ಟೊಪ್ಪಿ ಹಾಕಿದರು. ಗುಡ್ಡ ಹತ್ತುವ ಯಾವ ಗಿರಾಕಿಯೂ ಸೀರೆ ಉಟ್ಟು ಬಂದಿರಲಿಲ್ಲ ಎಂದು ಹೇಳಿಕೊಂಡು ಹೆಗಲು ಕುಣಿಸಿ ನಕ್ಕರು. ಎರಡನೆಯ ಸಲ ಅತ್ತೆ ಇಳಿದರು, ಆದರೆ ಇಳಿದ ಹಾಗಾಗಲಿಲ್ಲ. ನಮ್ಮವರು ಮೊಣಕೈ ಹಿಡಿದಿದ್ದರು, ರಂಗಸಾಮಿ ಎರಡು ಕೈ ಚಾಚಿ ಹಿಂದೆ ನಿಂತಿದ್ದರು, ನಾನೂ ಸೊಂಟದ ಹತ್ತಿರ ಕೈಯಿಟ್ಟಿದ್ದೆ. ಇಷ್ಟು ಕೈಗಳಿದ್ದ ಮೇಲೆ ಮೆಟ್ಟಿಲು ಯಾಕೆ ಎಂದರು ಅತ್ತೆ. ಮುಖದಲ್ಲಿ ನಗುವಿರಲಿಲ್ಲ.

ವಿಂಚೂ ಸೇರಿಕೊಂಡಿತು. ಪ್ರಯೋಗಕ್ಕೆ ಒಂದು ಸುತ್ತು ಹೋಗಿಬನ್ನಿ, ಆನೈಮಲೈ ಅಮ್ಮನಿಗೆ ಕೈಮುಗಿದು ಬನ್ನಿ ಎಂದು ರಂಗಸಾಮಿ ಹೇಳುವಷ್ಟರಲ್ಲಿ ನಂಜಮ್ಮ ಚೀಲ ಹಿಡಿದು ಹಿಂದಿನ ಸೀಟು ಹತ್ತಿ ಕೂತಾಗಿತ್ತು.

ಪೊಳ್ಳಾಚಿ ದಾಟಿ: ಕಾಲುವೆಯ ದಾರಿ

ಪೊಳ್ಳಾಚಿಯ ಸುತ್ತ ತೆಂಗು ನೋಡಿದರೆ ತಿಪಟೂರಿನವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳುತ್ತೇನೆ. ಕಣ್ಣು ಹಾಯಿಸಿದಷ್ಟೂ ತೆಂಗು, ಬುಡದಲ್ಲಿ ನೀರು. ಅತ್ತೆ ತಮ್ಮ ಎತ್ತರದ ಸೀಟಿನಿಂದ ತೀರ್ಪು ಶುರುಮಾಡಿದರು. ಮರ ಚೆನ್ನಾಗಿವೆ, ಆದರೆ ಇಷ್ಟೊಂದು ಎಳನೀರು ಕೊಯ್ದು ಕುಡಿದುಬಿಟ್ಟರೆ ಕೊಬ್ಬರಿಗೇನು ಉಳಿಯುತ್ತದೆ? ನಂಜಮ್ಮ ಹಿಂದಿನಿಂದ, ಕಾಯಿಯನ್ನು ಅಟ್ಟದ ಮೇಲೆ ವರ್ಷಗಟ್ಟಲೆ ಒಣಹಾಕಿ ಕಾಯುವಷ್ಟು ಪುರುಸೊತ್ತು ಯಾರಿಗಿದೆ ಎಂದರು. ಇಬ್ಬರೂ ಪಟ್ಟು ಬಿಡಲಿಲ್ಲ. ಎಳನೀರಿನ ಅಂಗಡಿ ಮುಂದೆ ನಿಲ್ಲಿಸಿದಾಗ ನಮ್ಮವರು ಓಡಿಬಂದು ಕೈ ಚಾಚಿದರು. ಅತ್ತೆ ಇಳಿಯಲಿಲ್ಲ. ಕುಡಿದದ್ದು ಸೀಟಿನಲ್ಲೇ.

ಆನೈಮಲೈ ಇನ್ನೇನು ಬಂತು ಎನ್ನುವಾಗ ಕಾಲುವೆಯ ದಾರಿಯಲ್ಲಿ ತೆಂಗಿನಕಾಯಿ ತುಂಬಿದ ಸಣ್ಣ ಲಾರಿಯೊಂದು ಹಿಂದಿನ ಚಕ್ರ ಕೆಸರಿಗಿಳಿಸಿ ವಾಲಿ ನಿಂತಿತ್ತು. ಸುತ್ತ ಜನ, ನಾಲ್ಕು ಸಲಹೆ. ನಮ್ಮವರ ಮುಖ ಇಷ್ಟಗಲವಾಯಿತು. ಇಷ್ಟು ವರ್ಷ ತಾವೇ ಹೂತುಕೊಂಡು ಇನ್ನೊಬ್ಬರ ವಿಂಚಿಗೆ ಕಾದವರು, ಇವತ್ತು ತಮ್ಮ ವಿಂಚು ಬಿಚ್ಚಿ, ಹಗ್ಗ ಎಳೆದು, ಕೊಂಡಿ ಸಿಕ್ಕಿಸಿ, ಜೀಪಿಗೆ ಬೆನ್ನು ಮಾಡಿ ಹಗ್ಗದಿಂದ ದೂರದಲ್ಲಿ ರಿಮೋಟು ಹಿಡಿದು ನಿಂತರು. ಮೋಟಾರು ಗುರ್ರೆಂದಿತು, ಹಗ್ಗ ಬಿಗಿಯಿತು. ನಂಜಮ್ಮ ಇಳಿದುಹೋಗಿ ಮುಂದೆ ನಿಂತಿದ್ದರು. ನಾನು ಅವರನ್ನು ಹಗ್ಗದಿಂದ ಹಿಂದಕ್ಕೆ ಕರೆದುಕೊಂಡು ಬರುತ್ತಿದ್ದೆ. ಇಡೀ ಊರಿನ ಕಣ್ಣು ಲಾರಿಯ ಮೇಲೆ.

ನಾನು ಯಾಕೆ ತಿರುಗಿ ನೋಡಿದೆನೋ ಗೊತ್ತಿಲ್ಲ. ಜೀಪಿನ ಎಡಬಾಗಿಲು ತೆರೆದಿತ್ತು. ಅತ್ತೆ ಪಟ್ಟಿಯನ್ನು ನಿಧಾನವಾಗಿ ಬಿಡುತ್ತಿದ್ದರು, ಮೆಟ್ಟಿಲು ಸದ್ದಿಲ್ಲದೆ ಕೆಳಗಿಳಿಯಿತು. ಅವರು ಹಿಂದಕ್ಕೆ ತಿರುಗಿ, ಕುಂಕುಮದ ಬಣ್ಣದ ಕುಣಿಕೆಗೆ ಕೈ ತೂರಿಸಿ, ಒಂದು ಕಾಲು ಇಳಿಸಿದರು. ಕಾಲು ಸ್ವಲ್ಪ ಹುಡುಕಿತು, ಸಿಕ್ಕಿತು. ಇನ್ನೊಂದು ಕಾಲು. ನಾನು ಓಡಲು ಹೊರಟೆ, ನಂಜಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಅವರೂ ನೋಡುತ್ತಿದ್ದರು. ಅತ್ತೆ ಕಾಲುವೆಯ ಹಸಿ ಮಣ್ಣಿನ ಮೇಲೆ ನಿಂತರು. ಸುತ್ತ ಎಲ್ಲೂ ಕಟ್ಟೆ ಇರಲಿಲ್ಲ. ನನ್ನ ಕಣ್ಣು ತುಂಬಿಬಂತು, ತಡೆಯಲಾಗಲಿಲ್ಲ.

ಅವರು ಸೀರೆ ಕೊಡವಿಕೊಂಡು, ದೂರದಿಂದ ಸುತ್ತಿ ಬಂದು ನಮ್ಮವರ ಹಿಂದೆ ನಿಂತು, “ಆ ಚಕ್ರದ ಮುಂದೆ ಮಟ್ಟೆ ಹಾಕ್ಸು ಕಣೋ, ಸುಮ್ನೆ ಜಾರ್ತಾ ಇದೆ,” ಎಂದರು. ನಮ್ಮವರು ತಿರುಗಿ ನೋಡದೆ ಹೂಂ ಅಮ್ಮ ಎಂದರು, ಯಾರಿಗೋ ತೆಂಗಿನ ಮಟ್ಟೆ ಹಾಕಲು ಕೈಸನ್ನೆ ಮಾಡಿದರು. ಲಾರಿ ಮೇಲೆ ಬಂತು, ಜನ ಕೂಗಿದರು. ಆಗ ಅವರಿಗೆ ಹೊಳೆಯಿತು. ಖಾಲಿ ಸೀಟನ್ನು ನೋಡಿದರು, ಇಳಿಬಿದ್ದ ಮೆಟ್ಟಿಲು ನೋಡಿದರು, ಪಕ್ಕದಲ್ಲಿ ನಿಂತ ತಾಯಿಯನ್ನು ನೋಡಿದರು. ಲಾರಿಯವರು ಬಂದು ಅವರ ಕೈ ಕುಲುಕುತ್ತಿದ್ದರೆ ಇವರು ಅಮ್ಮನನ್ನೇ ನೋಡುತ್ತ ನಿಂತಿದ್ದರು.

ಆನೈಮಲೈಯ ಅಮ್ಮ ಉದ್ದಕ್ಕೆ ಮಲಗಿದ ದೇವಿ. ಅನ್ಯಾಯವಾದವರು ಅಲ್ಲಿಯ ನ್ಯಾಯದ ಕಲ್ಲಿಗೆ ಒಣಮೆಣಸಿನಕಾಯಿ ಅರೆದು ಹಚ್ಚಿ ನ್ಯಾಯ ಕೇಳುತ್ತಾರೆ. ಜೀಪು ಎತ್ತರ ಮಾಡಿಸಿದವರ ಮೇಲೆ ಅಕ್ಕ ಎರಡು ಮೆಣಸಿನಕಾಯಿ ಅರೆಯಬಹುದು ಎಂದು ನಂಜಮ್ಮ ಚುಚ್ಚಿದರು. ಅವನ ಕಣ್ಣು ಉರಿದರೆ ತೊಳೆಯಬೇಕಾದವಳು ನಾನೇ ತಾನೆ ಎಂದು ಅತ್ತೆ ಬರೀ ಕೈಮುಗಿದು ಬಂದರು.

ಮತ್ತೆ ತಿಪಟೂರು: ಅದೇ ಕಟ್ಟೆ

ನಂಜಮ್ಮನವರನ್ನು ತುಡಿಯಲೂರಿನಲ್ಲಿ ಬಿಟ್ಟು ವಾಪಸು ಬರುವಾಗ ಪ್ರಯಾಣ ಎರಡರಷ್ಟು ಹೊತ್ತು ಹಿಡಿಯಿತು. ಅತ್ತೆ ಎಲ್ಲೆಂದರಲ್ಲಿ ನಿಲ್ಲಿಸು ಎನ್ನುತ್ತಿದ್ದರು. ಒಮ್ಮೆ ಹುಣಿಸೆ ಮರದ ನೆರಳು, ಒಮ್ಮೆ ಕುರಿಮಂದೆ, ಒಮ್ಮೆ ಏನೂ ಇಲ್ಲ. ಅನ್ನೂರಿನ ಟೀ ಅಂಗಡಿಯಲ್ಲಿ ಅವರು ಇಳಿದು ಹೋಗಿ ತಾವೇ ಟೀ ಹೇಳಿದಾಗ ಆ ಹೆಂಗಸು ಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಬಣ್ಣಾರಿಯಲ್ಲಿ ಹೂವಿನವಳು ನಮ್ಮನ್ನು ಕಂಡು ಬುಟ್ಟಿ ತೆಗೆಯಲು ಬಗ್ಗಿದಳು. ಅತ್ತೆ ಬೇಡವೆಂದು ಕೈಯಾಡಿಸಿ, ಪಟ್ಟಿ ಬಿಟ್ಟು, ರಸ್ತೆಗೇ ಇಳಿದರು. ಘಟ್ಟದ ಕಾಡಿನಲ್ಲಿ ಮಾತ್ರ ಇಳಿಯಬಾರದು ಎಂದು ಚಿತ್ರದ ಬೋರ್ಡಿತ್ತು, ಅಲ್ಲಿ ಮುಖ ಊದಿಸಿಕೊಂಡು ಕೂತರು.

ಸಂಜೆ ನಮ್ಮ ಬೀದಿಗೆ ಬಂದಾಗ ಎದುರುಮನೆಯವರು, ಪಕ್ಕದಮನೆಯವರು ಹೊರಗೇ ಇದ್ದರು. ನಮ್ಮವರು ರೂಢಿಯಂತೆ ಜೀಪನ್ನು ಕಲ್ಲುಕಟ್ಟೆಗೆ ಒತ್ತಿ ನಿಲ್ಲಿಸಿದರು. ಅತ್ತೆ ಕೂತಲ್ಲಿಂದ ಏಳಲಿಲ್ಲ.

“ಮುಂದಕ್ಕೆ ತಗೋ.”

ನಮ್ಮವರು ಸ್ವಲ್ಪ ಮುಂದೆ ತೆಗೆದುಕೊಂಡರು. ಇನ್ನೂ ಮುಂದಕ್ಕೆ ಎಂದರು. ಅಂಗಳದ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ಜೀಪು ನಿಂತಿತು. ಅತ್ತೆ ಬಾಗಿಲು ತೆಗೆದು ಪಟ್ಟಿ ಇಳಿಬಿಟ್ಟರು, ಬೀದಿಗೆ ಬೆನ್ನು ಮಾಡಿ ಒಂದೊಂದೇ ಹೆಜ್ಜೆ ಇಳಿದರು. ನಾವಿಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ಅವರು ಕಟ್ಟೆಯ ಪಕ್ಕದ ಮೆಟ್ಟಿಲಿನಿಂದ ನಿಧಾನವಾಗಿ ಮೇಲೆ ಹೋಗಿ, ಸೆರಗಿನಲ್ಲಿ ಧೂಳು ಒರೆಸಿ, ಕಾಲು ಚಾಚಿ ಕೂತರು.

“ಇನ್ಮೇಲೆ ಇದು ಬರೀ ಕೂತ್ಕೊಳ್ಳೋಕೆ,” ಎಂದರು.